ಪಂಪಿನ ಚುಕ್ಕೆ ನುಂಗಿದ್ದು

ಕಲಬುರಗಿಯ ಅಡುಗೆಮನೆಗಳಿಂದ ಹೊಗೆಯನ್ನು ಗಡೀಪಾರು ಮಾಡುವವರೆಗೆ ಪೆನ್ನು ಕೆಳಗಿಡುವುದಿಲ್ಲ ಎಂದು ನಾನು ಪಣ ತೊಟ್ಟೆ! ನನ್ನ ಹೆಂಡತಿ ಕಸ್ತೂರಿಬಾಯಿ ಊದುಗೊಳವೆಯಿಂದ ಬಾಯಿ ತೆಗೆದು, ಕಣ್ಣೊರೆಸಿಕೊಂಡು ಹೇಳಿದಳು:

"ಪೆನ್ನು ಆಮ್ಯಾಗ ಇಡ್ರಿ. ಮೊದಲ ಹಿತ್ತಲದಾಗಿನ ತೊಗರಿ ಕಟ್ಟಿಗಿ ತಂದು ಇಲ್ಲಿಡ್ರಿ."

ತಂದಿಟ್ಟೆ. ಮಹಾಪುರುಷರಿಗೂ ಮನೆಯಲ್ಲಿ ಇಂಥ ಕೆಲಸಗಳಿರುತ್ತವೆ.

ನಾನು ಯಾವ ಪತ್ರಿಕೆಯ ನೌಕರನೂ ಅಲ್ಲ. ಕೇಳಿದವರಿಗೆ ಕೇಳಿದ್ದನ್ನು ಬರೆದುಕೊಡುವ ಬಿಡಿ ಲೇಖಕ. ಒಂದು ದಿನ ‘ಅತ್ತೆ ಸೊಸೆ ಹೊಂದಿಕೊಳ್ಳುವುದು ಹೇಗೆ’, ಮರುದಿನ ‘ಕಂದೀಲಿನ ಗಾಜು ಒಡೆಯದಂತೆ ತೊಳೆಯುವುದು ಹೇಗೆ’, ಅದರ ಮರುದಿನ ‘ರೇಡಿಯೋ ಬ್ಯಾಟರಿಯ ಆಯುಷ್ಯ ಹೆಚ್ಚಿಸುವುದು ಹೇಗೆ’. ನಮ್ಮ ಮನೆಯಲ್ಲಿ ರೇಡಿಯೋ ಇರಲಿಲ್ಲ. ಕಂದೀಲಿನ ಗಾಜನ್ನು ನಾನೇ ಒಡೆದಿದ್ದೆ. ನಿಜಾಮರ ರಾಜ್ಯ ಕೊನೆಗಾಣಿಸಿದ ಪೊಲೀಸ್ ಆ್ಯಕ್ಷನ್ ಆಗಿ ಇನ್ನೂ ವರ್ಷ ತುಂಬಿರಲಿಲ್ಲ. ಸಾಲೆಯಲ್ಲಿ ಕಲಿತದ್ದು ಉರ್ದು, ಮನೆಯಲ್ಲಿ ಆಡುವುದು ಕನ್ನಡ. ಎರಡರಲ್ಲೂ ಬರೆದು ಬರೆದು ಕೈ ಸೋತುಹೋಗಿತ್ತು. ಸೋತ ಕೈ ಅಕ್ಷರವನ್ನು ಪೂರ್ತಿ ಬರೆಯುವುದಿಲ್ಲ, ಅರ್ಧ ಬರೆದು ಅರ್ಧ ನುಂಗುತ್ತದೆ. ಈ ಮಾತನ್ನು ಸ್ವಲ್ಪ ನೆನಪಿನಲ್ಲಿಡಿ.

ಆ ವಾರ ನಾನು ಬರೆದದ್ದು ‘ಒಲೆ ಒಡೆಯಿರಿ, ಸ್ಟೋವ್ ಇಡಿರಿ!’ ಎಂಬ ವೀರಾವೇಶದ ಲೇಖನ. ಅದನ್ನು ಓದಿ ಯಾರೂ ಒಲೆ ಒಡೆಯುವುದಿಲ್ಲ ಎಂಬ ಪೂರ್ಣ ಭರವಸೆಯಿಂದಲೇ ಬರೆದಿದ್ದೆ. ಆದರೆ ಕಮಲಾಪುರದಿಂದ ಕೆಂಪು ಬಾಳೆಹಣ್ಣಿನ ಬುಟ್ಟಿ ಹೊತ್ತು ಬಜಾರಿಗೆ ಬಂದ ಅಂಬಣ್ಣ, ನಮ್ಮ ಅತ್ತೆ ಮಾನಮ್ಮನ ಹೇಳಿಕೆಯನ್ನೂ ಹೊತ್ತು ನಮ್ಮ ಬಾಗಿಲಿಗೆ ಬಂದ.

"ನಿಮ್ಮತ್ತಿ ಒಲಿ ಒಡದಾರ್ರಿ."

"ಯಾಕ?" ಎಂದೆ.

"ನೀವೇ ಬರದೀರಂತಲ್ರಿ! ಶೇವಂತಾ ಓದಿ ಹೇಳ್ಯಾಳ, ಮುದುಕಿ ಕಬ್ಬಿಣದ ಹಾರಿ ತಗೊಂಡು ಒಡದಾಳ. ನಾಳೆ ಶೇವಂತಾನ್ನ ನೋಡಾಕ ಬೀಗರು ಬರ್ತಾರಂತ. ಅಡಗಿ ಆಗಬೇಕಂದ್ರ ಅಳಿಯಂದ್ರು ಸ್ಟೋವ್ ತಗೊಂಡು ಬರಬೇಕಂತ ಹೇಳ್ಯಾರ."

ಶೇವಂತಾ ನನ್ನ ನಾದಿನಿ. ಹಿಂದೆ ಬಂದ ಸಂಬಂಧಗಳೆಲ್ಲ ಒಂದಿಲ್ಲೊಂದು ನೆಪಕ್ಕೆ ತಪ್ಪಿಹೋಗಿದ್ದವು. ಈಗ ನನ್ನ ನೆಪಕ್ಕೆ ತಪ್ಪುವ ಸರದಿ!

ಕಸ್ತೂರಿಬಾಯಿ ಸೊಂಟದ ಮೇಲೆ ಕೈ ಇಟ್ಟಳು. "ನೋಡ್ರಿ, ಈ ಸಂಬಂಧ ಏನರ ತಪ್ಪಿತಂದ್ರ ನಿಮ್ಮ ಪೆನ್ನು ನನ್ನ ಒಲಿಗೆ ಹೋಗ್ತದ. ನಮ್ಮ ಮನ್ಯಾಗ ಒಲಿ ಇನ್ನೂ ಅದ."

ನಮ್ಮೂರಿನ ಜಗತ್ ಬಡಾವಣೆಯ ಕಡೆಗೆ ಓಡಿದೆ. ಅಲ್ಲಿಯ ಬಂದೇನವಾಜರು ಸ್ಟೋವ್ ರಿಪೇರಿ ಮಾಡುವವರು, ನನ್ನ ಹಳೆಯ ದೋಸ್ತರು. ನನ್ನ ಮುಖ ನೋಡಿಯೇ ಹೊಸ ಪಂಪ್ ಸ್ಟೋವ್ ಒಂದನ್ನು ಎರವಲು ಕೊಟ್ಟರು.

"ದೇಖೋ ಮಿಯಾಂ, ಪಹಲೇ ಸ್ಪಿರಿಟ್ ಹಾಕಿ ಹಚ್ಚಬೇಕು. ಸ್ಟೋವಿನ ತಲಿ ಗರಂ ಆದ ಮ್ಯಾಗ ಪಂಪ್. ಅದಕ್ಕೂ ಮೊದಲ ಪಂಪ್ ಹೊಡದ್ರ ಖೈರಿಯತ್ ಇಲ್ಲ. ಸಮಝೇ?"

"ಸಮಝಾ!" ಎಂದೆ. ನಿಜಕ್ಕೂ ನಾನು ಆಗ ‘ಸ್ಟೋವ್ ಸಾಕುವುದು ಹೇಗೆ’ ಎಂಬ ಮುಂದಿನ ಲೇಖನದ ಶೀರ್ಷಿಕೆ ಯೋಚಿಸುತ್ತಿದ್ದೆ.

ಮನೆಗೆ ತಂದು ಸೀಮೆಎಣ್ಣೆ ತುಂಬಿ, ಕಟ್ಟಿಗೆಯ ಪೆಟ್ಟಿಗೆಯಲ್ಲಿಟ್ಟು ಮೊಳೆ ಹೊಡೆದೆ. ಬಸ್ಸಿನವರು ಎತ್ತಿ ಒಗೆಯಬಾರದಲ್ಲ! ಇದ್ದಿಲು ತೆಗೆದುಕೊಂಡು ಪೆಟ್ಟಿಗೆಯ ಮೇಲೆ ಉರ್ದುವಿನಲ್ಲಿ ದಪ್ಪಗೆ ಬರೆದೆ: ‘ಪಂಪ್. ಹುಷಾರ್! ಅಲುಗಾಡಿಸಬಾರದು.’ ನನ್ನ ಅಕ್ಷರ ನೋಡಿ ನನಗೇ ಹೆಮ್ಮೆಯಾಯಿತು.

ಮರುದಿನ ಪೆಟ್ಟಿಗೆಯನ್ನು ಬಸ್ಸಿನ ನೆತ್ತಿಗೆ ಏರಿಸಿ ಕಸ್ತೂರಿಬಾಯಿಯೊಂದಿಗೆ ಹೊರಟೆ. ತಲೆಗೆ ಜರಿ ಪಟಕಾ ಸುತ್ತಿದ ಹಿರಿಯರೊಬ್ಬರು ನನ್ನ ಮಗ್ಗುಲಲ್ಲೇ ಕುಳಿತಿದ್ದರು. ಅವರ ಪಕ್ಕದಲ್ಲಿ ಇಸ್ತ್ರಿ ಅಂಗಿ ತೊಟ್ಟ ತರುಣ, ಬಾಯಿ ಬಿಡದವನು. ಹಿರಿಯರು ಕೇಳಿದರು:

"ತಮ್ಮದು ಉದ್ಯೋಗ ಏನ್ರಿ?"

"ಬರವಣಿಗೆ! ಸಂಸಾರ ಹೆಂಗ ನಡಸಬೇಕು ಅಂತ ಜನಕ್ಕ ತಿಳಿಸಿ ಹೇಳ್ತೀನ್ರಿ."

ಕಸ್ತೂರಿಬಾಯಿ ಕಿಟಕಿಯ ಕಡೆಗೆ ಮುಖ ತಿರುಗಿಸಿದಳು.

ಕಮಲಾಪುರ ಇನ್ನೇನು ಬಂತು ಎನ್ನುವಾಗ ಪೊಲೀಸ್ ನಾಕಾದಲ್ಲಿ ಬಸ್ಸು ನಿಂತಿತು. ಆ ದಿನಗಳಲ್ಲಿ ಸಾಮಾನು ತಪಾಸಣೆ ಇಲ್ಲದೆ ಒಂದು ಕೋಳಿಯೂ ದಾಟುವಂತಿರಲಿಲ್ಲ. ಕಂಡಕ್ಟರ್ ಮಾಪಣ್ಣ ಬಸ್ಸಿನ ನೆತ್ತಿಗೆ ಹತ್ತಿದ. ನನ್ನ ಪೆಟ್ಟಿಗೆಯ ಮೇಲಿನ ಬರಹ ಓದಿದ. ಮತ್ತೊಮ್ಮೆ ಓದಿದ. ಆಮೇಲೆ ಏಣಿಯ ಹಂಗೂ ಇಲ್ಲದೆ ಮೇಲಿಂದಲೇ ಕೆಳಗೆ ಜಿಗಿದ!

"ಬಂಬ್! ಬಂಬ್ ಅದ್ರೆಪ್ಪೋ! ಅಲುಗಾಡಿಸಬಾರದು ಅಂತ ಬರದದ!"

ಬಸ್ಸು ಒಂದು ಉಸಿರಿನಲ್ಲಿ ಖಾಲಿಯಾಯಿತು. ಮಗ್ಗುಲ ಹಿರಿಯರು ರಸ್ತೆ ಪಕ್ಕದ ತಗ್ಗಿಗೆ ಬಿದ್ದರು. ಅವರ ಜರಿ ಪಟಕಾ ಬಿಚ್ಚಿ ಜಾಲಿಗಿಡಕ್ಕೆ ತೋರಣವಾಯಿತು. ನಾನೂ ಎಲ್ಲರ ಜೊತೆ ಓಡಿದೆ. ಯಾರೋ ಪಾಪಿ ಬಂಬ್ ತಂದಿದ್ದಾನೆಂದು ಬಯ್ಯುತ್ತಲೇ ಓಡಿದೆ!

ನಾಕಾದ ಜಮಾದಾರ್ ಸಾಹೇಬರು ದೂರದಿಂದಲೇ ಗುಡುಗಿದರು. "ಯಾರದು ಆ ಪೆಟಗಿ?"

ನೋಡಿದೆ. ನನ್ನದೇ!

"ಅದು ಪಂಪ್ ರೀ ಸಾಹೇಬ್ರ, ಸ್ಟೋವಿನ ಪಂಪ್!"

"ಕಂಡಕ್ಟರ್ ಖುದ್ದು ಓದ್ಯಾನ. ಬಂಬ್ ಅಂತ ಸಾಫ್ ಬರದದ. ಯಾರು ಬರದವ್ರು?"

ಆಗ ಹೊಳೆಯಿತು. ಉರ್ದುವಿನಲ್ಲಿ ‘ಪ’ಕ್ಕೂ ‘ಬ’ಕ್ಕೂ ಮೈ ಒಂದೇ. ‘ಪ’ದ ಕೆಳಗೆ ಮೂರು ಚುಕ್ಕೆ, ‘ಬ’ದ ಕೆಳಗೆ ಒಂದೇ ಚುಕ್ಕೆ. ನನ್ನ ಸೋತ ಕೈ ಎರಡು ಕಡೆಯೂ ಒಂದೊಂದೇ ಇಟ್ಟು ಉಳಿದದ್ದನ್ನು ನುಂಗಿತ್ತು. ಪಂಪ್ ಹೋಗಿ ಬಂಬ್ ಆಗಿತ್ತು!

"ನಾನೇ ಬರದದ್ದು ರೀ. ನಾನು ಲೇಖಕ."

"ಏನೇನು ಬರೀತೀರಿ?"

"ಮೊನ್ನೆ ಒಡೆಯಿರಿ ಅಂತ ಒಂದು..." ಎಂದವನು ಅಲ್ಲಿಗೇ ನಾಲಿಗೆ ಕಚ್ಚಿಕೊಂಡೆ. ತಡವಾಗಿತ್ತು.

"ಏನು ಒಡೀರಿ ಅಂತ ಬರದೀರಿ?"

"ಒಲಿ ರೀ! ಬರೇ ಒಲಿ!"

ಜಮಾದಾರ್ ಸಾಹೇಬರು ಕಸ್ತೂರಿಬಾಯಿಯ ಕಡೆ ತಿರುಗಿದರು. "ಅಮ್ಮಾ, ಇವರು ನಿಮಗ ಏನಾಗಬೇಕು?"

ಅವಳು ದೊಡ್ಡ ನಿಟ್ಟುಸಿರು ಬಿಟ್ಟಳು. "ಏನಾಗಬೇಕ್ರಿ? ಆಗಬೇಕಾದ್ದೆಲ್ಲ ಲಗ್ನದ ದಿನಾನೇ ಆಗಿ ಹೋಗ್ಯಾದ."

ತೀರ್ಪು ಬಂತು. "ಸ್ಟೋವೇ ಆಗಿದ್ರ ಹಚ್ಚಿ ತೋರಸ್ರಿ. ಬಿಡ್ತೀನಿ."

ಹೊಗೆಯಿಲ್ಲದ ಅಡುಗೆಮನೆಯ ಪ್ರವಾದಿಯಾದ ನಾನು ಅಲ್ಲಿಯವರೆಗೆ ಒಂದೇ ಒಂದು ಸ್ಟೋವ್ ಹಚ್ಚಿದವನಲ್ಲ! ಪೆಟ್ಟಿಗೆ ಇಳಿಸಿದೆ, ಮೊಳೆ ಕಿತ್ತೆ, ಸ್ಟೋವ್ ಹೊರಗೆ ತೆಗೆದೆ. ಬಂದೇನವಾಜರು ಮೊದಲು ಏನೋ ಹೇಳಿದ್ದರು, ಆಮೇಲೆ ಪಂಪ್ ಅಂದಿದ್ದರು. ಮೊದಲಿನದು ನೆನಪಾಗಲಿಲ್ಲ. ನೆನಪಿದ್ದದ್ದು ಪಂಪ್. ಹೊಡೆದೆ. ಮದುವೆ, ಮಾನ, ಪೆನ್ನು ಎಲ್ಲ ಅದರ ಮೇಲೇ ನಿಂತಿದೆ ಎಂದು ಜೋರಾಗಿ ಹೊಡೆದೆ. ಕಡ್ಡಿ ಗೀರಿದೆ.

ಭಗ್!

ಬೆಂಕಿ ನನ್ನ ತಲೆಗಿಂತ ಎತ್ತರಕ್ಕೆ ಎದ್ದಿತು. ತಗ್ಗಿನಿಂದ ಆಗ ತಾನೇ ಮೇಲೆದ್ದಿದ್ದ ಹಿರಿಯರು ಮತ್ತೆ ತಗ್ಗಿಗೆ ಬಿದ್ದರು. ಜಮಾದಾರ್ ಸಾಹೇಬರು "ಯಾ ಅಲ್ಲಾ!" ಎಂದರು, ಮಾಪಣ್ಣ "ಹೇಳಲಿಲ್ಲೇನು ನಾ!" ಎಂದ. ಯಾರೋ ಒಂದು ಬುಟ್ಟಿ ಮಣ್ಣು ತಂದು ಸ್ಟೋವಿನ ಮೇಲೂ ನನ್ನ ಮೇಲೂ ಸುರಿದರು.

ಮಣ್ಣಿನಿಂದ ಮುಖ ಎತ್ತಿದಾಗ ನನ್ನ ಹುಬ್ಬುಗಳಿರಲಿಲ್ಲ. ಜಮಾದಾರ್ ಸಾಹೇಬರು ಹತ್ತಿರ ಬಂದು ಸ್ಟೋವನ್ನು ಬೂಟಿನಿಂದ ತಿರುವಿ ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಹೋಗ್ರಿ. ಬಂಬ್ ಮಾಡೂ ಮಂದಿಗೆ ಇದಕಿಂತ ಹೆಚ್ಚು ಅಕಲ್ ಇರ್ತದ."

ಮಣ್ಣು ತುಂಬಿ ಕೆಟ್ಟ ಸ್ಟೋವ್ ಮಾತ್ರ ಅಲ್ಲೇ ಉಳಿಯಿತು. ಬರಿಗೈಯಲ್ಲಿ ಹೋಗಿ ಅತ್ತೆಗೆ ಏನು ಹೇಳಲಿ, ಬೀಗರಿಗೆ ಏನು ಬಡಿಸಲಿ, ಆ ಹುಡುಗಿಯ ಮುಖ ಹೇಗೆ ನೋಡಲಿ ಎಂದು ಉಳಿದ ದಾರಿಯುದ್ದಕ್ಕೂ ಲೆಕ್ಕ ಹಾಕಿದೆ.

ಕಮಲಾಪುರದಲ್ಲಿ ಇಳಿದು ನಡೆದೆವು. ತಗ್ಗಿನ ಹಿರಿಯರೂ ಇಳಿದು ನಡೆದರು. ನಾವು ತಿರುಗಿದ ಓಣಿಗೇ ತಿರುಗಿದರು. ನಮ್ಮತ್ತೆಯ ಬಾಗಿಲಲ್ಲೇ ನಿಂತರು!

"ಬರ್ರಿ ದೌಲಪ್ಪನವರ, ಬರ್ರಿ ಬರ್ರಿ!" ಎಂದು ಮಾನಮ್ಮ ಅವರ ಕಾಲಿಗೆ ನೀರು ಕೊಟ್ಟರು. ಇಸ್ತ್ರಿ ಅಂಗಿಯವನೇ ವರ! ನನಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು.

ಆದರೆ ಅಂಗಳದಲ್ಲಿ ಘಮಘಮ ವಾಸನೆ. ಮೂರು ಕಲ್ಲು ಹೂಡಿ, ತೊಗರಿ ಕಟ್ಟಿಗೆ ಹಚ್ಚಿ, ಹೋಳಿಗೆ, ಎಣ್ಣೆಗಾಯಿ, ರೊಟ್ಟಿ ಎಲ್ಲ ಮಾಡಿ ಮುಗಿಸಿದ್ದರು ಅತ್ತೆ. ಆಕಾಶದ ತುಂಬ ಹೊಗೆ!

"ಹೊತ್ತು ನೆತ್ತಿಗಿ ಬಂತು, ನೀವು ಬರಲಿಲ್ಲ ಅಳಿಯಂದ್ರ. ಮೂರು ಕಲ್ಲಿಗೇನು ಬರಗಾಲ ಅದ ಅಂತ ಹೂಡಿಬಿಟ್ಟೆ. ಯವ್ವಾ, ನಿಮ್ಮ ಹುಬ್ಬು ಎಲ್ಲಿ ಹೋದವು?"

ಕಸ್ತೂರಿಬಾಯಿ ನನ್ನ ಕಿವಿಯಲ್ಲಿ ಹೇಳಿದಳು: "ನೋಡ್ರಿ, ಅಕ್ಷರ ಬಾರದ ನಮ್ಮವ್ವ ಮೂರು ಕಲ್ಲು ಇಟ್ಟಾಳ. ನಿಮಗ ಮೂರು ಚುಕ್ಕಿ ಇಡೂದು ಆಗಲಿಲ್ಲ."

ಊಟವಾಯಿತು. ಹೋಳಿಗೆಯ ಜೊತೆಗೆ ನಾಕಾದ ಬಂಬಿನ ಕತೆಯನ್ನೂ ಕಸ್ತೂರಿಬಾಯಿ ಮನೆಮಂದಿಗೆಲ್ಲ ಬಡಿಸಿದಳು. ದೌಲಪ್ಪನವರು ಕೈ ತೊಳೆದು, ಹರಿದ ಪಟಕಾ ಸರಿಮಾಡಿಕೊಂಡು ಗಂಟಲು ಸರಿಪಡಿಸಿಕೊಂಡರು. ನಾನು ಕಂಬದ ಹಿಂದೆ ಸರಿದೆ.

"ಹುಡುಗಿ ನಮಗ ಪಸಂದ್ ಬಂದಾಳ್ರಿ. ಊಟನೂ ಪಸಂದ್. ಖರೇ, ಒಂದು ಷರತ್ತು ಅದ."

"ಹೇಳ್ರಿ," ಎಂದರು ಅತ್ತೆ, ಮುಖ ಸಣ್ಣದು ಮಾಡಿಕೊಂಡು.

"ಲಗ್ನಪತ್ರಿಕಿ ಮಾತ್ರ ಈ ಅಳಿಯಂದ್ರ ಕೈಲೆ ಬರಸಬ್ಯಾಡ್ರಿ."

ಮದುವೆ ಗಟ್ಟಿಯಾಯಿತೆಂದು ಎದೆ ಹಗುರಾದರೂ ಲೇಖಕನ ಮಾನ ಸುಮ್ಮನಿರಬೇಕಲ್ಲ! ಕಂಬದ ಹಿಂದಿನಿಂದ ಹೊರಬಂದೆ.

"ಉರ್ದೂದಾಗ ಬರಿಯಂಗಿಲ್ರಿ, ಕನ್ನಡದಾಗ ಬರೀತೀನಿ. ಕನ್ನಡದಾಗ ಆ ಚುಕ್ಕಿ ತಂಟೇನೇ ಇಲ್ಲ!"

ಅಷ್ಟರಲ್ಲಿ ಒಳಬಾಗಿಲ ಮರೆಯಿಂದ ಶೇವಂತಾಳ ದನಿ ಕೇಳಿಸಿತು. ನೋಡಲು ಬಂದವರ ಮುಂದೆ ತುಟಿ ಬಿಚ್ಚದಿದ್ದ ಹುಡುಗಿ!

"ಬ್ಯಾಡ್ರಿ ಮಾಮಾ, ಕೈ ಮುಗೀತೀನಿ! ನೀವು ‘ವಧು’ ಬರಿಯೂ ಮುಂದ ಕೊಂಬು ನುಂಗಿದ್ರಂದ್ರ ‘ವಧ’ ಆಗ್ತದ. ನನ್ನ ಲಗ್ನಕ್ಕ ಬೀಗರಕಿಂತ ಮೊದಲ ಜಮಾದಾರ್ರು ಬರ್ತಾರ!"