ಹಾಡು ನಿಂತ ಮಾತ್ರಕ್ಕೆ ತೂತು ಖಾಲಿಯಲ್ಲ

ಇಂದ,
ವೀರೇಶ್,
ಮೂರನೇ ಮಹಡಿ, ಮೂಲೆ ಮನೆ,
ಎಲೆಕ್ಟ್ರಾನಿಕ್ ಸಿಟಿ.

ಗೆ,
ಶ್ರೀ ಬಾಲಾಜಿ,
ಕಾರ್ಯದರ್ಶಿಗಳು, ಅಪಾರ್ಟ್‌ಮೆಂಟ್ ನಿವಾಸಿಗಳ ಸಂಘ.

ವಿಷಯ: ನಮ್ಮ ಬಾಲ್ಕನಿ ಪಕ್ಕದ ಗೋಡೆಯ ತೂತಿಗೆ ಸೋಮವಾರ ಸಿಮೆಂಟ್ ಹಾಕಿಸದಂತೆ ಕೋರಿ.

ಉಲ್ಲೇಖ: ೧) ತೂತು ಖಾಲಿಯಾಗಿದೆ, ಸೋಮವಾರ ಮುಚ್ಚಿಸಲಾಗುವುದು ಎಂದು ವಾಟ್ಸಾಪ್ ಗುಂಪಿನಲ್ಲಿ ತಾವು ಹಾಕಿದ ಸೂಚನೆ. ೨) ನನ್ನ ಹೆಂಡತಿ ಶಿವಾನಿಯ ಮೌಖಿಕ ಹೇಳಿಕೆ.

ಮಾನ್ಯರೇ,

೧. ಎ.ಸಿ. ಪೈಪಿಗೆಂದು ಬಿಲ್ಡರ್ ಕೊರೆದು ಮರೆತ ಸದರಿ ತೂತಿನಲ್ಲಿ ಕಪ್ಪು-ಬಿಳಿ ಬಣ್ಣದ ಮಡಿವಾಳ ಹಕ್ಕಿಯ ಜೋಡಿಯೊಂದು ವಾಸವಾಗಿರುತ್ತದೆ. ಯುಗಾದಿ ಸುಮಾರಿಗೆ ಗಂಡು ಒಂಟಿಯಾಗಿದ್ದಾಗ, ಕಂಪನಿ ಬಸ್ಸುಗಳು ಬರುವ ಮೊದಲೇ ಡಿಶ್ ಆಂಟೆನಾ ಮೇಲೆ ಕೂತು ಗಂಟಲು ಹರಿಯುವಂತೆ ಹಾಡುತ್ತಿತ್ತು. ಹೆಣ್ಣು ಬಂದ ಮೇಲೆ ಕೊಂಚ ಕಡಿಮೆಯಾಯಿತು. ಮರಿಯಾದ ಮೇಲೆ ಹೆಚ್ಚುಕಡಿಮೆ ನಿಂತೇ ಹೋಯಿತು.

೨. ಬಾಡಿಗೆಯವರ ಗಲಾಟೆ ಕೇಳಿಸದಿದ್ದರೆ ಮನೆ ಖಾಲಿಯಾಗಿದೆ ಎಂದು ತಿಳಿಯುವುದು ನಮ್ಮ ಸಂಘದ ರೂಢಿ. ಅದರಂತೆ ತಾವು ತೂತಿನ ಕೆಳಗೆ ನಿಂತು, "ಸೌಂಡೇ ಇಲ್ಲ ಕಣ್ರೀ, ಖಾಲಿ ಮಾಡ್ಕೊಂಡು ಹೋಗಿದೆ. ಮುಚ್ಚಿಸ್ಬಿಡೋಣ" ಎಂದಿರಿ. ಸ್ವಾಮಿ, ಅದು ಎಲ್ಲಿಗೂ ಹೋಗಿಲ್ಲ. ಬಾಯಿ ತುಂಬ ಹುಳ ಇಟ್ಟುಕೊಂಡು ಹಾಡುವುದಾದರೂ ಹೇಗೆ?

೩. ಈ ಪ್ರಕರಣದಲ್ಲಿ ನನ್ನ ಸಂಸಾರವೂ ಸಿಕ್ಕಿಕೊಂಡಿದೆ. ನಿಶ್ಚಿತಾರ್ಥವಾದ ದಿನದಿಂದ ನಾನು ಶಿವಾನಿಗೆ ಮೊದಲು ಫೋನಿನಲ್ಲಿ, ಮದುವೆಯ ನಂತರ ಮನೆಯಲ್ಲೇ ಹಾಡು ಹೇಳುತ್ತಿದ್ದೆ. ಮಗಳು ಗೌರಿ ಹುಟ್ಟಿದ ಮೇಲೆ ನಿಲ್ಲಿಸಿದ್ದೇನೆ. ಕಾರಣ, ಒಂದು ಕೈಯಲ್ಲಿ ಹಾಲಿನ ಬಾಟಲಿ, ಇನ್ನೊಂದರಲ್ಲಿ ಆಫೀಸಿನ ಲ್ಯಾಪ್‌ಟಾಪ್. ತಮ್ಮ ಸೂಚನೆ ಓದಿದ ಶಿವಾನಿ, "ನೋಡ್ರಿ, ಬೇಕಾದ್ದು ಸಿಕ್ಕ ಮ್ಯಾಲ ಅದು ಬಾಯಿ ಮುಚ್ಚಿಕೊಂಡು ಹೋತು. ನೀವು ಬಾಯಿ ಮುಚ್ಚಿಕೊಂಡು ಇಲ್ಲೇ ಕುಂತೀರಿ. ಅಷ್ಟ ಫರಕು" ಎಂದಳು. ಅಂದಿನಿಂದ ನಮ್ಮ ಮನೆಯಲ್ಲಿ ಮಾತುಕತೆ ಡೈಪರ್‌ಗೆ ಮಾತ್ರ ಸೀಮಿತವಾಗಿದೆ. ಅರ್ಜಿದಾರನಿಗೆ ಇದರಿಂದ ತುಂಬಾ ನೋವಾಗಿದೆ ಎಂಬುದನ್ನು ದಾಖಲಿಸಿಕೊಳ್ಳಬೇಕು.

೪. ಮರಿಗಳು ಹಾರಿದ ಮೇಲೆ ಅದೇ ಗಂಡು, ಅದೇ ಹೆಣ್ಣಿಗಾಗಿ, ಮತ್ತೆ ಹಾಡುತ್ತದೆ. ಹೋದ ವರ್ಷ ಇದ್ದ ಜೋಡಿಯಲ್ಲೂ ಹಾಗೇ ಆಗಿತ್ತು. ನಿದ್ದೆ ಕೆಟ್ಟಿತೆಂದು ಗುಂಪಿನಲ್ಲಿ ಕೂಗಾಡಿದವರು ತಾವೇ. ಇದನ್ನು ತಿಳಿಸಿದಾಗ ಶಿವಾನಿ, "ಹಾಡ್ಲಿ ತಡೀರಿ, ಆಮ್ಯಾಲ ನಿಮ್ಮನ್ನ ನಂಬ್ತೀನಿ" ಎಂದಿದ್ದಾಳೆ. ಆದ್ದರಿಂದ ಸೋಮವಾರ ಸಿಮೆಂಟ್ ಬಿದ್ದರೆ ಮರಿಗಳೂ ಸಾಯುತ್ತವೆ, ನನ್ನ ಕಡೆಯ ಒಬ್ಬನೇ ಸಾಕ್ಷಿಯೂ ಇಲ್ಲವಾಗುತ್ತಾನೆ.

ಕಾರಣ, ಸದರಿ ಗಂಡು ಹಕ್ಕಿ ಮತ್ತೆ ಹಾಡುವವರೆಗೆ, ಹಾಗೂ ಅದನ್ನು ಶಿವಾನಿ ಕಿವಿಯಾರೆ ಕೇಳುವವರೆಗೆ, ಗಾರೆ ಕೆಲಸದವರನ್ನು ಮೂರನೇ ಮಹಡಿಗೆ ಹತ್ತಿಸಬಾರದೆಂದು ಕೈಮುಗಿದು ಕೋರುತ್ತೇನೆ.

ಇನ್ನೂ ಖಾಲಿ ಮಾಡದ
ತಮ್ಮ ವಿಶ್ವಾಸಿ,
ವೀರೇಶ್

ಲಗತ್ತುಗಳು:
೧) ಬಾಯಲ್ಲಿ ಹುಳ ಹಿಡಿದ ಹಕ್ಕಿಯ ಫೋಟೋ.
೨) ಬಾಯಲ್ಲಿ ಹಾಲಿನ ಬಾಟಲಿಯ ಮುಚ್ಚಳ ಕಚ್ಚಿಕೊಂಡ ಅರ್ಜಿದಾರನ ಫೋಟೋ. ತೆಗೆದವಳು ಶಿವಾನಿ. ತೆಗೆಯುವಾಗ ಸ್ವಲ್ಪ ನಕ್ಕಿದ್ದಾಳೆ.

ವಿ.ಸೂ.: ಹಕ್ಕಿ ಮತ್ತೆ ಶುರು ಮಾಡಿದ ದಿನ ಅರ್ಜಿದಾರನೂ ಹಾಡುವ ಸಂಭವವಿರುತ್ತದೆ. ಅಕ್ಕಪಕ್ಕದವರಿಂದ ದೂರು ಬಂದಲ್ಲಿ, ಅದರ ಒಂದು ಪ್ರತಿಯನ್ನು ದಯಮಾಡಿ ಶಿವಾನಿಗೆ ತಲುಪಿಸಬೇಕಾಗಿ ವಿನಂತಿ.