ಸುವಾರ್ತೆಗೆ ಸೇರಿದ ಮಾವಿನಹಣ್ಣು

ದೇವರ ವಾಕ್ಯಕ್ಕೆ ಕೈಹಾಕಿ ಸ್ವಂತದ್ದೊಂದು ಸಾಲು ಸೇರಿಸಿದ ಪಾಪಿ ಕೋಲಾರ ಜಿಲ್ಲೆಯಲ್ಲಿ ಯಾರಾದರೂ ಇದ್ದರೆ ಅದು ನಾನೇ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮುಂದೆ ನೀವು ನಮ್ಮ ಮಾವನನ್ನು ಕಂಡು ನಗುವಾಗ ಅದರಲ್ಲಿ ನನಗೂ ಒಂದು ಪಾಲು ಇರಲಿ.

ಮಾವ ಎಂದರೆ ಅಮ್ಮನ ಅಣ್ಣ, ಕೋಲಾರದಲ್ಲಿ ಮೇಷ್ಟ್ರಾಗಿದ್ದು ನಿವೃತ್ತರಾದವರು. ದೇವರ ಮೇಲೆ ಅವರಿಗೆ ಪೂರ್ತಿ ನಂಬಿಕೆ. ತಮ್ಮ ಕೈಬರಹದ ಮೇಲೆ ಮಾತ್ರ ಸಾಸಿವೆಯಷ್ಟೂ ಇಲ್ಲ. ಏನು ಬರೆದರೂ ಎರಡು ಪ್ರತಿ, ಬರೆದ ಮೇಲೆ ತಾಳೆ. ಅಂಗಡಿ ಚೀಟಿಗೂ ಅದೇ ಮರ್ಯಾದೆ. ಅತ್ತೆ ಒಲೆ ಮುಂದೆ ಕೂತು "ತೊಗರಿಬೇಳೆ" ಎನ್ನಬೇಕು, ಮಾವ ಜಗಲಿಯಿಂದ "ತೊಗರಿಬೇಳೆ, ಸರಿ" ಎನ್ನಬೇಕು. ಒಮ್ಮೆ ಮಾಲೂರಿನ ಮಗಳಿಗೆ "ಶನಿವಾರ ಬರುತ್ತೇನೆ" ಎಂದು ಕಾರ್ಡು ಬರೆದು ತಾಳೆ ನೋಡುತ್ತ ಕೂತರು. ಕೂತಲ್ಲೇ ಶನಿವಾರ ಬಂತು. ಕಾರ್ಡನ್ನು ತಾವೇ ಕೊಂಡುಹೋಗಿ ಬಾಗಿಲಲ್ಲಿ ಕೊಟ್ಟರು.

ಇಂಥವರು ಸುವಾರ್ತೆಯನ್ನು ನಕಲು ಮಾಡಲು ಹೊರಟರೆ ಹೇಗಿರಬೇಡ? ಅಚ್ಚಿನ ಅಕ್ಷರ ಮನೆಯ ಹಿರಿಯರ ಕಣ್ಣಿಗೆ ಕಾಣುವುದಿಲ್ಲವೆಂದು ಕಡಲೆಕಾಯಿ ಬೀಜದ ಗಾತ್ರದ ಅಕ್ಷರದಲ್ಲಿ ನಾಲ್ಕು ಪ್ರತಿ ಬರೆದರು. ಸಾಲಿಗೊಂದು ಹುಣಸೆಬೀಜ ಡಬ್ಬಿಗೆ. ಪುಟದ ಕೊನೆಯಲ್ಲಿ ಎಣಿಕೆ ಅಚ್ಚಿನ ಸಾಲುಗಳಿಗೆ ಹೊಂದದಿದ್ದರೆ ಆ ಪುಟ ಒಲೆಗೆ. ಆ ವರ್ಷಗಳಲ್ಲಿ ಅತ್ತೆಗೆ ಒಂದು ಹುಣಸೆಬೀಜ ಎಸೆಯಲೂ ಅಪ್ಪಣೆ ಇರಲಿಲ್ಲ. ಒಂದು ಪ್ರತಿಯನ್ನು ಇಟ್ಟುಕೊಂಡು ಉಳಿದವನ್ನು ಮಾಲೂರಿನ ಮಗಳ ಮನೆಗೆ, ಮುಳಬಾಗಿಲಿನ ತಮ್ಮನಿಗೆ, ಶ್ರೀನಿವಾಸಪುರದ ಅಕ್ಕನಿಗೆ ಕೊಟ್ಟರು.

ಎಂಬತ್ತನೇ ಇಸವಿಯ ಆಸುಪಾಸು, ನಾನಾಗ ಪಿಯುಸಿ. ಕಂಡವರನ್ನೆಲ್ಲ ಅನುಕರಿಸುವ ಚಟ. ಪ್ರಿನ್ಸಿಪಾಲರ ಕೆಮ್ಮು, ಕಂಡಕ್ಟರನ ಮೂಗಿನ ರಾಗ, ಕನ್ನಡಿ ಮುಂದೆ ಕ್ರಾಪು ತೀಡುವ ನನ್ನದೇ ಪೆದ್ದು ಮುಖ, ಎಲ್ಲ ಆಗಿತ್ತು. ಬಾಕಿ ಇದ್ದದ್ದು ಮಾವನ ಕೈಬರಹ. ಅವರ 'ಳ'ದ ಬಾಲ ಬೆಕ್ಕಿನ ಬಾಲದಂತೆ ಸುತ್ತಿಕೊಳ್ಳುತ್ತಿತ್ತು. ಐದು ರೊಟ್ಟಿ, ಎರಡು ಮೀನಿನಲ್ಲಿ ಐದು ಸಾವಿರ ಜನ ಉಂಡು, ಮಿಕ್ಕ ತುಂಡು ಹನ್ನೆರಡು ಬುಟ್ಟಿ ತುಂಬಿದ ಕಥೆ ಇದೆಯಲ್ಲ, ಮಾವ ಇಟ್ಟುಕೊಂಡ ಪ್ರತಿಯಲ್ಲಿ ಜನ ಉಂಡ ಸಾಲಿನ ಪಕ್ಕ ಸ್ವಲ್ಪ ಜಾಗ ಖಾಲಿಯಿತ್ತು. ಒಂದು ಮಧ್ಯಾಹ್ನ ಮಾವ ಗೊರಕೆ ಹೊಡೆಯುತ್ತಿದ್ದಾಗ ಅವರದೇ ಪೆನ್ನಿನಿಂದ ತುಂಬಿಸಿದೆ: "ತರುವಾಯ ಮಾವಿನಹಣ್ಣುಗಳನ್ನು ಹಂಚಲಾಯಿತು."

ಆ ಕಥೆಯನ್ನು ಆರಿಸಿದ್ದಕ್ಕೆ ಕಾರಣವಿತ್ತು. ಮಾವನ ಗೆಳೆಯರಾದ ವಾಚು ರಿಪೇರಿ ಸಾಹೇಬರಿಗೆ ಅದು ಇಷ್ಟ. ಮಾವ ಅವರ ಅಂಗಡಿಯಲ್ಲಿ ಅದನ್ನು ಮತ್ತೆ ಮತ್ತೆ ಓದುತ್ತಿದ್ದರು. ಇಬ್ಬರ ವಾದವೂ ಹಳೆಯದೇ.

"ಕೈಯಿಂದ ಕೈಗೆ ಬರ್ಕೊಂಡು ಬಂದ ಕಿತಾಬು ಮೇಷ್ಟ್ರೇ," ಎಂದರು ಸಾಹೇಬರು ಅವತ್ತೂ. "ನಡುವೆ ಯಾರೂ ಕೈಯಾಡಿಸಿಲ್ಲಾಂತ ಹೆಂಗೆ ಹೇಳ್ತೀರಾ?"

"ನಾನು ಬರ್ದಿರೋದನ್ನೇ ಕೇಳಿ ಸಾಹೇಬ್ರೇ. ಒಂದಕ್ಷರ ಆಚೀಚೆ ಆಗಿದ್ರೆ ಹೇಳಿ" ಎಂದು ಮಾವ ಗಂಟಲು ಸರಿಮಾಡಿಕೊಂಡು ಓದಿದರು. ಮಾವಿನಹಣ್ಣನ್ನೂ ಅಷ್ಟೇ ಗಂಭೀರವಾಗಿ ಹಂಚಿದರು.

ಸಾಹೇಬರು ಕಣ್ಣಿನ ಭೂತಗನ್ನಡಿ ಇಳಿಸಿದರು. "ಹೋದ ತಿಂಗಳು ಓದ್ದಾಗ ಹಣ್ಣು ಇರ್ಲಿಲ್ವಲ್ಲಾ?"

ಮಾವ ಪುಟವನ್ನು ಕಣ್ಣಿನ ಹತ್ತಿರಕ್ಕೆ ತಂದರು. "ನನ್ನ ಅಕ್ಷರವೇ" ಎಂದರು, ತುಂಬ ಮೆಲ್ಲಗೆ. ವಾದದಲ್ಲಿ ಗೆದ್ದಿದ್ದ ಸಾಹೇಬರು ಆ ಮುಖ ನೋಡಿ ಟೀ ತರಿಸಿದರು.

ನಗುತ್ತಾರೆಂದು ಅಂಗಡಿ ಬಾಗಿಲಲ್ಲಿ ಕಾದಿದ್ದ ನಾನು ಟೀ ಲೋಟ ಹಿಡಿದು ಬೀದಿಯ ಕಡೆ ಮುಖ ತಿರುಗಿಸಿದೆ. ಮಾವನ ಅಪ್ಪ ಕೊನೆಗಾಲದಲ್ಲಿ ಹೆತ್ತ ಮಕ್ಕಳ ಹೆಸರನ್ನೇ ಮರೆತವರು. ಈಗ ತಮ್ಮ ಸರದಿ ಎಂದುಕೊಂಡರು ಮಾವ. ಮಿಕ್ಕ ಮೂರು ಪ್ರತಿಗಳಲ್ಲಿ ಏನೇನು ಬರೆದಿದ್ದೇನೋ ಎಂದು, ಮರುದಿನವೇ ಅಚ್ಚಿನ ಪುಸ್ತಕವನ್ನೂ ತಮ್ಮ ಪ್ರತಿಯನ್ನೂ ಚೀಲಕ್ಕೆ ಹಾಕಿ ಬಸ್ಸು ಹತ್ತಿದರು. ಚೀಲ ಹೊತ್ತವನು ನಾನು.

ಮಾಲೂರಿನ ಪ್ರತಿಯಲ್ಲಿ ಮಾವಿನಹಣ್ಣಿರಲಿಲ್ಲ; ಒಂದು ಸಾಲು ಬಿಟ್ಟುಹೋಗಿತ್ತು. ಮುಳಬಾಗಿಲಿನಲ್ಲೂ ಹಣ್ಣಿರಲಿಲ್ಲ, ಒಂದು ಪದ ಎರಡು ಸಲ ಬಿದ್ದಿತ್ತು. ಹುಣಸೆಬೀಜಕ್ಕೂ ತೂಕಡಿಕೆ ಉಂಟು ಎಂದಾಯಿತು. ಆದರೆ ಮಾಲೂರು ಬಿಟ್ಟ ಸಾಲು ಮುಳಬಾಗಿಲಿನಲ್ಲಿ ಭದ್ರವಾಗಿತ್ತು. ಮುಳಬಾಗಿಲಿನ ಜೋಡಿ ಪದ ಮಾಲೂರಿನಲ್ಲಿ ಒಂಟಿಯಾಗಿತ್ತು. ಒಂದೂರಿನ ತಪ್ಪನ್ನು ಇನ್ನೊಂದೂರು ಮಾಡಿರಲಿಲ್ಲ.

ಶ್ರೀನಿವಾಸಪುರದಲ್ಲಿ ಮಾವನ ಅಕ್ಕ, ನಮ್ಮ ದೊಡ್ಡಮ್ಮ, ತನ್ನ ಪ್ರತಿ ಬಿಚ್ಚುವ ಗೋಜಿಗೇ ಹೋಗಲಿಲ್ಲ. ಮಾವಿನ ಮಂಡಿಯಲ್ಲೇ ಕೂದಲು ಬೆಳ್ಳಗಾದವಳು.

"ಏಮ್ರಾ ತಮ್ಮಾ, ಐದು ಸಾವ್ರ ಜನ ಮಾವಿನಹಣ್ಣು ತಿಂದಿದ್ರೆ ಬುಟ್ಟೀಲಿ ರೊಟ್ಟಿ ಚೂರು ಮಾತ್ರ ಉಳೀತಿತ್ತಾ? ತಿಂದು ಬಿಸಾಕಿದ ವಾಟೆ ಎತ್ತೋಕೇ ಎರಡು ಗಾಡಿ ಬೇಕಾಗ್ತಿತ್ತು. ಅದು ಅಲ್ಲೀದಲ್ಲ, ತೆಗಿ ಆಚೆ."

ನಾನು ನಕ್ಕೆ. ಮಾವ ನಗಲಿಲ್ಲ. ಜೇಬಿನಿಂದ ಪೆನ್ನು ತೆಗೆದು ನನ್ನ ಕೈಯಲ್ಲಿಟ್ಟರು. "ಅಲ್ಲೀದಲ್ಲ, ನನ್ನ ತಲೇದು. ಇನ್ಮೇಲೆ ನೀನೇ ಬರಿ ಕಣೋ. ನಮ್ಮಪ್ಪನಿಗೂ ಶುರುವಾಗಿದ್ದು ಹಿಂಗೇ."

ಆ ಪೆನ್ನು ಹಿಡಿದುಕೊಂಡು ಹೇಗೆ ಸುಮ್ಮನಿರಲಿ? ಬಸ್ ಟಿಕೀಟಿನ ಹಿಂದೆ ಬೆಕ್ಕಿನ ಬಾಲದ 'ಳ' ಬರೆದು ಮುಂದೆ ಹಿಡಿದೆ.

"ಅದು ನೀವು ಬರ್ದಿದ್ದಲ್ಲ ಮಾವ. ನಾನು."

ಟಿಕೀಟನ್ನು ನೋಡಿದರು, ನನ್ನನ್ನು ನೋಡಿದರು. "ನಾನಲ್ವಾ?"

"ಅಲ್ಲ ಮಾವ."

"ನಿಜವಾಗ್ಲೂ ನಾನಲ್ವಾ?"

ಏಟಿಗೆ ಕಪಾಳ ಒಡ್ಡಿ ನಿಂತಿದ್ದೆ. ಮಾವ ಹೆಗಲ ಟವೆಲಿನಲ್ಲಿ ಮುಖ ಮುಚ್ಚಿಕೊಂಡರು. ಮೂರು ದಿನದಿಂದ ಹಿಡಿದಿಟ್ಟ ಉಸಿರು ಅದರೊಳಗೆ ಬಿಟ್ಟಿದ್ದು ನನಗೂ ಕೇಳಿಸಿತು. ಆಮೇಲೆ ಅಕ್ಕನ, ತಮ್ಮನ, ಮಗಳ ಹೆಸರು ಒಂದೊಂದಾಗಿ ಹೇಳಿ, ಕೊನೆಗೆ ನನ್ನ ಹೆಸರನ್ನೂ ಹೇಳಿ, ಪೆನ್ನನ್ನು ವಾಪಸು ಕಿತ್ತುಕೊಂಡರು. ನನಗೆ ಅಳು ತಡೆಯಲಾಗಲಿಲ್ಲ.

"ದೇವರ ವಾಕ್ಯಾನೇ ಕೆಡಿಸಿಬಿಟ್ಟೆ ಮಾವ," ಎಂದೆ.

"ಕೆಡಿಸಬೇಕು ಅಂದ್ರೆ ಮಿಕ್ಕ ಮೂರೂರಿಗೂ ಬಸ್ ಹತ್ತಿ ನಾಲ್ಕು ಪುಸ್ತಕದಲ್ಲೂ ಬರೀಬೇಕಿತ್ತು ಕಣೋ. ನಿನ್ನಂಥ ಸೋಮಾರಿ ಕೈಲಿ ಆಗೋ ಕೆಲಸಾನಾ ಅದು?"