ಬೀರುವಿನ ಮೇಲಿನ ಹಡಗು

ಸದರಿ ಎಂಜಿನ್ ಸುಂಕದ ಕಚೇರಿಗೆ ಬಂದಿಳಿದದ್ದು ಒಂದು ಮಂಗಳವಾರ. ಗಾತ್ರ ಮುಷ್ಟಿಯಷ್ಟು. ತೂಕ ಒಂದು ದಪ್ಪ ಬದನೆಕಾಯಿಯಷ್ಟು. ಬೆಲೆ ಒಂಬತ್ತು ಜೊತೆ ಹಲ್ಲಿನಷ್ಟು.

ಹಲ್ಲಿನ ಲೆಕ್ಕ ಯಾಕೆಂದರೆ, ಅದನ್ನು ತರಿಸಿದವನು ಹಲ್ಲು ಕಟ್ಟುವವನು. ಮೇಲಿನ ಸಾಲು, ಕೆಳಗಿನ ಸಾಲು ಸೇರಿ ಒಂದು ಜೊತೆ. ಜಗತ್ತಿನ ಎಲ್ಲ ಬೆಲೆಯನ್ನೂ ಅವನು ಹಾಗೆಯೇ ಅಳೆಯುತ್ತಿದ್ದ. ಅಂಗಡಿ ಬಾಡಿಗೆ ಎರಡು ಜೊತೆ. ಹೆಂಡತಿಯ ಹೊಸ ಕನ್ನಡಕ ಕೆಳಗಿನ ಸಾಲು ಮಾತ್ರ.

ಅವನ ಬಳಿ ಒಂದು ಆಟದ ದೋಣಿ ಇತ್ತು. ಮೂರಡಿ ಉದ್ದ. ಸ್ವಂತ ಕೈಯಲ್ಲಿ ಮಾಡಿದ್ದು. ಒಡಲು ಪ್ಲೈವುಡ್ಡು. ಮೇಲಿನ ಹೊದಿಕೆಗೆ, ಕಟ್ಟು ಹಲ್ಲಿನ ವಸಡು ಮಾಡಿ ಉಳಿದ ಗುಲಾಬಿ ಪುಡಿಯನ್ನೇ ಕಲಸಿ ಹಾಕಿದ್ದ. ದೋಣಿ ವಸಡಿನ ಬಣ್ಣಕ್ಕಿತ್ತು. ಅದರಲ್ಲಿ ಒಂದು ನೈಟ್ರೋ ಎಂಜಿನ್. ಹರಳೆಣ್ಣೆ ಬೆರೆಸಿದ ಸ್ಪಿರಿಟ್ಟಿನಂಥ ಇಂಧನ ಕುಡಿದು, ಕಣಜದ ಹುಳದ ಹಾಗೆ ಕಿರುಚುತ್ತ, ಪಾರ್ಕಿನ ಕೊಳದಲ್ಲಿ ದೋಣಿಯನ್ನು ಓಡಿಸುತ್ತಿತ್ತು. ಮೂರು ವರ್ಷದ ಹಿಂದೆ ಅದು ಜಾಮ್ ಆಯಿತು. ಅಂಥದ್ದನ್ನು ಈ ದೇಶದಲ್ಲಿ ಯಾರೂ ಮಾಡುವುದಿಲ್ಲ. ಹೊರದೇಶದಿಂದ ಬರಬೇಕು. ಅಂಗಡಿಯವರನ್ನು ಕೇಳಿದರೆ "ಮುಂದಿನ ತಿಂಗಳು" ಎನ್ನುತ್ತಿದ್ದರು. ಮೂರು ವರ್ಷವೂ ಅವರು ಮಾತು ಬದಲಿಸಲಿಲ್ಲ.

ದೋಣಿ ಮಲಗುವ ಕೋಣೆಯ ಬೀರುವಿನ ಮೇಲೆ ಕೂತಿತು. ಹೆಂಡತಿ ಅದರ ಧೂಳು ಒರೆಸಿ ಒರೆಸಿ ಸಾಕಾಗಿ ಗಡುವು ಕೊಟ್ಟಳು.

"ನೋಡ್ರೀ, ಬೇಸಿಗೆ ಮುಗಿಯೋದ್ರೊಳಗೆ ಇದು ನೀರಿಗಿಳಿದ್ರೆ ದೋಣಿ. ಇಲ್ಲಾಂದ್ರೆ ಮಣ್ಣು ತುಂಬಿ ಪುದೀನ ಹಾಕ್ತೀನಿ. ಕಿಟಕಿಗೆ ಸರಿಯಾಗಿ ಕೂರುತ್ತೆ."

"ಅದು ದೋಣಿ ಕಣೇ."

"ಹೌದಾ? ಮೂರು ವರ್ಷದಿಂದ ಯಾವ ನೀರಲ್ಲಿ?"

ಕಿಟಕಿಗೆ ಕೂರುತ್ತದೆ ಎಂದಳಲ್ಲ, ಆಗಲೇ ಅಳತೆ ತೆಗೆದಿದ್ದಾಳೆ ಎಂದು ಅವನಿಗೆ ಗೊತ್ತಾಯಿತು. ಆ ವಾರವೇ ಒಂಬತ್ತು ಜೊತೆ ಹಲ್ಲಿನ ಹಣ ಹೊರದೇಶಕ್ಕೆ ಹೋಯಿತು.

ಸುಂಕದ ಕಚೇರಿಯ ಮೆಟ್ಟಿಲ ಮೇಲೆ ಒಬ್ಬ ಏಜೆಂಟು ಕೂತಿದ್ದ. ಯಾರೂ ಕೇಳದಿದ್ದರೂ ಕಾಗದ ಇಸಿದುಕೊಂಡು ಓದಿದ.

"ಆಟದ ಸಾಮಾನು ಅಂತ ಬರೆಸಿದ್ರೆ ಬೆಲೆಯ ಒಂದೂವರೆ ಪಟ್ಟು ಸುಂಕ. ಮೇಲೆ, ಮಕ್ಕಳು ಇದನ್ನ ನುಂಗೋದಿಲ್ಲ ಅಂತ ಡಾಕ್ಟರ ಸರ್ಟಿಫಿಕೇಟು. ಹಡಗಿನ ಎಂಜಿನ್ ಅಂತ ಬರೆಸಿದ್ರೆ ಸುಂಕವೇ ಇಲ್ಲ. ಹಡಗು ಉದ್ಯಮಕ್ಕೆ ಪ್ರೋತ್ಸಾಹ."

"ಇದು ಹಡಗಿಂದಲ್ಲವಲ್ಲ."

"ದೋಣಿಗೆ ತಾನೇ ಹಾಕೋದು?"

"ಹೌದು."

"ದೋಣಿ ಹೋಗೋದು ನೀರಲ್ಲೋ, ರಸ್ತೇಲೋ?"

"ನೀರಲ್ಲೇ."

"ಮತ್ತೆ ಸುಳ್ಳೆಲ್ಲಿ ಬಂತು ಸಾರ್?"

ಹಲ್ಲು ಕಟ್ಟುವವನು ಮನಸ್ಸಿನಲ್ಲೇ ಗುಣಿಸಿದ. ಉಳಿಯುವುದು ಹದಿಮೂರೂವರೆ ಜೊತೆ. ಅಷ್ಟು ಬಾಯಿ ತುಂಬಿಸಲು ಅವನಿಗೆ ಎರಡು ತಿಂಗಳು ಬೇಕು. ಸಹಿ ಹಾಕಿದ.

ಒಳಗಿನ ಅಧಿಕಾರಿ ಎಂಜಿನ್ನನ್ನು ಅಂಗೈ ಮೇಲಿಟ್ಟು ನೋಡಿ, ಹಡಗಿನದೇ ಎಂದು ಒಪ್ಪಿದರು. ಸುಂಕ ಸೊನ್ನೆ ಎಂದು ಮುದ್ರೆ ಒತ್ತಿದರು. ಆಮೇಲೆ ಎಂಜಿನ್ನನ್ನು ಮೇಜಿನ ಖಾನೆಯಲ್ಲಿಟ್ಟು ಬೀಗ ಹಾಕಿದರು.

"ಹಡಗಿನ ಎಂಜಿನ್ನನ್ನು ಹಡಗಿಗೆ ಮಾತ್ರ ಕೊಡಬಹುದು. ಮನುಷ್ಯರಿಗೆ ಕೊಡೋ ಹಾಗಿಲ್ಲ. ಹಡಗು ಎಲ್ಲಿದೆ?"

"ಬೀರು ಮೇಲೆ."

'ಲಂಗರು ಹಾಕಿದ ಸ್ಥಳ: ಬೀರು' ಎಂದು ಅಧಿಕಾರಿ ಬರೆದುಕೊಂಡರು. "ಅದು ಯಾವ ಕರಾವಳೀಲಿ ಬರುತ್ತೋ ನನಗೆ ಗೊತ್ತಿಲ್ಲ. ಹಡಗು ನೋಂದಣಿ ಮಾಡಿಸ್ಕೊಂಡು ಬನ್ನಿ."

ಹಡಗು ನೋಂದಣಿ ಕಚೇರಿ ಆ ಊರಿನಲ್ಲೇ ಇತ್ತು. ಸಮುದ್ರ ಇರಲಿಲ್ಲ. ಸಮುದ್ರಕ್ಕೆ ರೈಲಿನಲ್ಲಿ ಒಂದು ಹಗಲು, ಒಂದು ರಾತ್ರಿ. ಅಲ್ಲಿ ಕಟ್ಟಡದ ಬಾಡಿಗೆ ಹೆಚ್ಚೆಂದು ಕಚೇರಿಯನ್ನು ಇಲ್ಲಿಗೆ ತಂದು, ಛತ್ರಿ ರಿಪೇರಿ ಅಂಗಡಿಯ ಮೇಲಿನ ಮಹಡಿಯಲ್ಲಿ ಇಟ್ಟಿದ್ದರು. ಬಾಡಿಗೆ ಉಳಿಯಿತು. ಹಡಗು ಬರುವುದು ನಿಂತಿತು. ಹಡಗಿಲ್ಲದ ಕಚೇರಿಯನ್ನು ವರ್ಷದ ಕೊನೆಗೆ ಮುಚ್ಚತಕ್ಕದ್ದು ಎಂದು ಮೇಲಿನಿಂದ ಆದೇಶವೂ ಆಗಿತ್ತು.

ಆದ್ದರಿಂದ ನಿರ್ದೇಶಕರು ಎದ್ದು ಬಂದು ಕೈ ಕುಲುಕಿದರು. ತಮ್ಮ ಕರ್ಚೀಫಿನಲ್ಲಿ ಕುರ್ಚಿ ಒರೆಸಿದರು.

"ಎಷ್ಟು ಹಡಗು ಯಜಮಾನರೇ?"

"ಒಂದು."

"ಸದ್ಯಕ್ಕೆ ಒಂದು ಸಾಕು."

"ಮೂರೇ ಅಡಿ ಇದೆ ಸಾರ್."

"ಕಾಯಿದೆಯಲ್ಲಿ ಗರಿಷ್ಠ ಉದ್ದ ಹೇಳಿದೆ. ನೀವು ಅದನ್ನು ಮೀರಿಲ್ಲ."

ಮರುದಿನ ತನಿಖಾಧಿಕಾರಿ ಮನೆಗೆ ಬಂದರು. ಚಪ್ಪಲಿ ಬಾಗಿಲಲ್ಲಿ ಬಿಟ್ಟು, ಅಡುಗೆಮನೆಯ ಸ್ಟೂಲು ಹತ್ತಿ, ಬೀರುವಿನ ಮೇಲೆ ಇಣುಕಿ, ಅಲ್ಲೇ ನಿಂತು ವರದಿ ಬರೆದರು: 'ಹಡಗನ್ನು ಏರಿ ಪರಿಶೀಲಿಸತಕ್ಕದ್ದು. ಏರಲಾಗದ ಕಾರಣ ಏರಿದಂತೆ ಭಾವಿಸಲಾಗಿದೆ. ಇಲಿ ಇಲ್ಲ. ಪಕ್ಕದಲ್ಲಿ ಹಳೆಯ ಸೂಟ್‌ಕೇಸು ಇದ್ದು, ಸಂಚಾರಕ್ಕೆ ಅಡ್ಡಿಯಿಲ್ಲ.'

"ಸಿಬ್ಬಂದಿ ಯಾರ್ಯಾರು?" ಎಂದರು ಸ್ಟೂಲಿನ ಮೇಲಿಂದ.

"ನಾನೊಬ್ಬನೇ."

"ಕನಿಷ್ಠ ಮೂವರು ಬೇಕು. ಕ್ಯಾಪ್ಟನ್, ಎಂಜಿನಿಯರ್, ಅಡುಗೆಯವರು. ನೀವು ಎಂಜಿನಿಯರ್ ಆಗಬಹುದು. ಮಾಲೀಕ ಕ್ಯಾಪ್ಟನ್ ಆಗೋ ಹಾಗಿಲ್ಲ. ಲಾಭದಾಸೆಗೆ ಬಿರುಗಾಳೀಲೂ ಹಡಗು ಹೊರಡಿಸಿಬಿಡ್ತಾನೆ."

ಹೆಂಡತಿ ಸ್ಟೂಲು ಅಲ್ಲಾಡದಂತೆ ಹಿಡಿದು ನಿಂತಿದ್ದಳು. ತನಿಖಾಧಿಕಾರಿ ಕೆಳಗೆ ನೋಡಿದರು. ಕ್ಯಾಪ್ಟನ್ ಹುದ್ದೆಯ ಪರೀಕ್ಷೆ ಅಲ್ಲೇ ನಡೆಯಿತು.

"ಬಿರುಗಾಳಿ ಬಂದರೆ ಮೊದಲು ಏನು ಮಾಡ್ತೀರಮ್ಮ?"

"ಕಿಟಕಿ ಹಾಕ್ತೀನಿ."

"ಹಡಗಿಗೆ ನೀರು ನುಗ್ಗಿದರೆ?"

"ಒರೆಸ್ತೀನಿ. ಈ ಮನೇಲಿ ಇನ್ಯಾರು ಒರೆಸ್ತಾರೆ?"

"ಸಿಬ್ಬಂದಿ ಮಾತು ಕೇಳದಿದ್ದರೆ?"

ಅವಳು ಗಂಡನ ಕಡೆ ಒಂದು ಸಲ ನೋಡಿದಳು. ಅವನು ಬಂದು ಸ್ಟೂಲಿನ ಇನ್ನೊಂದು ಕಾಲು ಹಿಡಿದುಕೊಂಡ. ತನಿಖಾಧಿಕಾರಿ ಪೂರ್ತಿ ಅಂಕ ಕೊಟ್ಟರು.

ಅಡುಗೆಯವನ ಹುದ್ದೆಗೆ ಅವಳ ತಮ್ಮ ಸಿಕ್ಕಿದ. ಎರಡು ವರ್ಷದಿಂದ ಕೆಲಸ ಹುಡುಕುತ್ತ ಅದೇ ಮನೆಯಲ್ಲಿದ್ದ.

"ನನಗೆ ನೀರು ಕಾಯಿಸೋಕೂ ಬರಲ್ಲ ಭಾವ."

"ಹಡಗಲ್ಲಿ ಒಲೆ ಇಲ್ಲ. ಅನುಭವ ಬೇಕಾಗಿಲ್ಲ," ಎಂದು ತನಿಖಾಧಿಕಾರಿ ಸ್ಟೂಲಿನಿಂದ ಇಳಿದರು.

ಎಂಜಿನ್ ಖಾನೆಯಿಂದ ಹೊರಬಂತು. ಹಲ್ಲು ಕಟ್ಟುವವನು ಅಂಗಡಿಗೆ ರಜೆ ಹಾಕಿ ಅದನ್ನು ದೋಣಿಗೆ ಕೂರಿಸಿದ. ಹೆಬ್ಬೆರಳಲ್ಲಿ ಒಂದು ಸುತ್ತು ತಿರುಗಿಸಿದ. ಟಕ್ ಎಂದಿತು. ಮೂರು ವರ್ಷದಿಂದ ಕೇಳದಿದ್ದ ಸದ್ದು. ಇನ್ನೊಂದು ಸಲ ತಿರುಗಿಸಿದ. ದೋಣಿಯನ್ನು ಟವೆಲಿನಲ್ಲಿ ಸುತ್ತಿ, ಉಳಿಸಿಟ್ಟಿದ್ದ ಇಂಧನದ ಸೀಸೆ ಜೇಬಿಗೆ ಹಾಕಿ ಗೇಟಿಗೆ ಬಂದರೆ, ಅಲ್ಲಿ ತನಿಖಾಧಿಕಾರಿ ಸುತ್ತೋಲೆ ಹಿಡಿದು ನಿಂತಿದ್ದರು.

'ನೋಂದಾಯಿತ ಹಡಗು ಬಂದರಿನಿಂದ ಮಾತ್ರ ಹೊರಡತಕ್ಕದ್ದು. ಬಂದರು ಇಲ್ಲದಲ್ಲಿ ಹಡಗು ಕಾಯತಕ್ಕದ್ದು. ಹೊರಡುವವರೆಗೆ ಸಿಬ್ಬಂದಿಗೆ ಕಾಯುವ ಭತ್ಯೆ ಸಲ್ಲತಕ್ಕದ್ದು.'

ಕಾಯಲು ಹಡಗೇ ಇಲ್ಲದೆ ಭತ್ಯೆಯ ಹಣ ವರ್ಷಗಟ್ಟಲೆ ಹಾಗೇ ಬಿದ್ದಿತ್ತು. ಕ್ಯಾಪ್ಟನ್ನಿಗೆ ತಿಂಗಳಿಗೆ ಆರು ಜೊತೆ. ಅಡುಗೆಯವನಿಗೆ ಮೂರು. ಎಂಜಿನಿಯರನಿಗೆ, ಎಂಜಿನ್ ಓಡದ ಕಾರಣ, ಮೇಲಿನ ಸಾಲು ಮಾತ್ರ. ಭಾವಮೈದುನ ಕೆಲಸ ಹುಡುಕುವುದನ್ನು ನಿಲ್ಲಿಸಿದ. ಸಿಕ್ಕಿತ್ತಲ್ಲ.

ಬೇಸಿಗೆ ಮುಗಿಯುತ್ತ ಬಂತು. ಹಲ್ಲು ಕಟ್ಟುವವನು ನಿರ್ದೇಶಕರ ಮುಂದೆ ಹೋಗಿ ನಿಂತ. "ಹೇಗಾದ್ರೂ ಮಾಡಿ ಒಂದು ಬಂದರು ಕೊಡಿಸಿ ಸಾರ್. ಇಲ್ಲಾಂದ್ರೆ ಪುದೀನ ಹಾಕ್ತಾಳೆ." ನಿರ್ದೇಶಕರು ಆಗಲಿ ಎಂದರು. ಆಡಿದ ಮಾತಿಗೆ ತಪ್ಪುವವರಲ್ಲ. ಎರಡು ವಾರದಲ್ಲಿ ಪಾರ್ಕಿನ ಕೊಳವನ್ನು ಬಂದರೆಂದು ಘೋಷಿಸಿದರು. ಪಾರ್ಕಿನ ವಾಚ್‌ಮನ್ನು ಬಂದರು ಅಧಿಕಾರಿಯಾದ. ಅವನಿಗೊಂದು ಸೀಟಿ ಕೊಟ್ಟರು. ದಡದಲ್ಲಿ ಫಲಕ ನೆಟ್ಟರು: 'ಇದು ಬಂದರು. ಬಾತುಕೋಳಿಗಳು ಎಡಗಡೆ ಸಂಚರಿಸತಕ್ಕದ್ದು.'

ಹೊರಡುವ ಅನುಮತಿ ಕೈಗೆ ಬಂತು. ಕ್ಯಾಪ್ಟನ್ ಸಹಿ ಒಂದು ಬಾಕಿ. ಅವಳು ಬಟ್ಟೆ ಮಡಚುತ್ತಿದ್ದಳು.

"ಇಲ್ಲೊಂದು ಸಹಿ ಹಾಕೇ. ಹತ್ತು ನಿಮಿಷ. ಒಂದೇ ಸುತ್ತು."

"ಹೊರಟ್ರೆ ಏನಾಗುತ್ತೆ?"

"ಏನಾಗುತ್ತೆ? ಓಡುತ್ತೆ."

"ಹೊರಟ ಮೇಲೆ ಕಾಯೋದೆಲ್ಲಿ ಬಂತು? ಭತ್ಯೆ ನಿಲ್ಲುತ್ತೆ."

"ಅಕ್ಕ ಹೇಳೋದು ನ್ಯಾಯ ಭಾವ," ಎಂದ ಭಾವಮೈದುನ. "ನಾನೂ ಮುಂದೆ ಸಂಸಾರ ಅಂತ ಮಾಡಬೇಕು."

"ನೀನು ಈ ಮನೇಲಿ ಒಂದು ಲೋಟ ಟೀ ಮಾಡಿದ್ದೀಯೇನೋ?"

"ಹಡಗಲ್ಲಿ ಒಲೆ ಇಲ್ಲ ಭಾವ."

ಹಲ್ಲು ಕಟ್ಟುವವನು ಹೆಂಡತಿಯ ಕಡೆ ತಿರುಗಿದ. "ನೀನೇ ತಾನೇ ಹೇಳಿದ್ದು, ನೀರಿಗಿಳಿದ್ರೆ ದೋಣಿ ಅಂತ?"

"ಅದು ಹೆಂಡ್ತಿ ಹೇಳಿದ್ದು. ಇದು ಕ್ಯಾಪ್ಟನ್ ಹೇಳ್ತಿರೋದು."

ಅವಳು ಕಿಟಕಿಗೆ ಹೋಗಿ ಆಕಾಶ ನೋಡಿದಳು. ಒಂದು ಚೂರು ಮೋಡವಿರಲಿಲ್ಲ. ಅನುಮತಿಯ ಕೆಳಗೆ ಬರೆದಳು: 'ಹವಾಮಾನ ಅನುಮಾನಾಸ್ಪದ. ಹೊರಡುವಂತಿಲ್ಲ.'

ಮರುದಿನ ಅವಳು ತರಕಾರಿಗೆ ಹೋದ ಹೊತ್ತಿನಲ್ಲಿ ಹಲ್ಲು ಕಟ್ಟುವವನು ದೋಣಿಯನ್ನು ಕಂಕುಳಲ್ಲಿಟ್ಟುಕೊಂಡು ಪಾರ್ಕಿಗೆ ನಡೆದ. ದಡದಲ್ಲಿ ಮಂಡಿಯೂರಿ ಕೂತ. ದೋಣಿಯ ಮೂತಿಗೂ ನೀರಿಗೂ ನಡುವೆ ನಾಲ್ಕು ಬೆರಳು ಇರುವಾಗ ಸೀಟಿ ಊದಿತು. ವಾಚ್‌ಮನ್ನಿಗೆ ಆ ಹುದ್ದೆಯಲ್ಲಿ ಅದೇ ಮೊದಲ ಕೆಲಸ. ಉಸಿರು ಕಟ್ಟುವವರೆಗೆ ಊದಿದ. ಕಚೇರಿಯಿಂದ ನಿರ್ದೇಶಕರೇ ಬಂದರು.

"ಕ್ಯಾಪ್ಟನ್ ಅನುಮತಿ ಇಲ್ಲದೆ ಹಡಗು ವಶಪಡಿಸಿಕೊಂಡು ಹೊರಟರೆ ಅದಕ್ಕೆ ಕಡಲ್ಗಳ್ಳತನ ಅಂತಾರೆ ಯಜಮಾನರೇ."

"ಸ್ವಂತ ದೋಣಿ ಸಾರ್."

"ಸ್ವಂತ ಹಡಗಿಗೇ ಕನ್ನ ಹಾಕಿದವರು ನೀವೇ ಮೊದಲು. ಶಿಕ್ಷೆ ಏನೂಂತ ಕಾಯಿದೆಯಲ್ಲೂ ಇಲ್ಲ." ನಿರ್ದೇಶಕರು ಅವನನ್ನು ಬೆಂಚಿನ ಮೇಲೆ ಕೂರಿಸಿ ದನಿ ತಗ್ಗಿಸಿದರು. "ನಿಮ್ಮ ಹಡಗು ಕಾಯ್ತಿದೆ ಅಂತಲೇ ಕಚೇರೀಲಿ ನಾವು ಹನ್ನೊಂದು ಜನ ಉಳಿದಿದ್ದೀವಿ. ಓಡಿಸಿದ್ರೆ ನಿಮಗೆ ಹತ್ತು ನಿಮಿಷ ಬರುತ್ತೆ. ಕಾಯಿಸಿದ್ರೆ ನನಗೆ ರಿಟೈರ್ ಆಗೋವರೆಗೂ ಬರುತ್ತೆ. ಯಾವುದು ಬಾಳಿಕೆ, ನೀವೇ ಹೇಳಿ."

ಅವನು ಇಂಧನದ ಸೀಸೆಯ ಮುಚ್ಚಳ ತೆಗೆದು ಒಂದು ಸಲ ಮೂಸಿ, ಮತ್ತೆ ಹಾಕಿ, ಬಂದ ದಾರಿಯಲ್ಲೇ ಮನೆಗೆ ಹೋದ.

ಬೇಸಿಗೆ ಮುಗಿದ ವಾರ ಕಚೇರಿಯಿಂದ ಇನ್ನೊಂದು ಸುತ್ತೋಲೆ ಬಂತು. ಖಾಲಿ ಹಡಗು ಬಹುಕಾಲ ಕಾಯುವಂತಿಲ್ಲ, ಸರಕು ಇರತಕ್ಕದ್ದು. ಕ್ಯಾಪ್ಟನ್ ಅದನ್ನು ಎರಡು ಸಲ ಓದಿ, ಹಿತ್ತಲಿಗೆ ಹೋಗಿ ಒಂದು ಬಕೆಟ್ ಮಣ್ಣು ತಂದಳು.

"ಎಂಜಿನ್ನಾದ್ರೂ ಬಿಚ್ಚಿಕೊಳ್ತೀನಿ ಕಣೇ."

"ಎಂಜಿನ್ ಇಲ್ಲದ್ದು ಹಡಗಲ್ಲವಂತೆ. ಕೇಳಿದೆ."

ಅವನು ಎಂಜಿನ್ನಿಗೆ ಪ್ಲಾಸ್ಟಿಕ್ ಚೀಲ ಸುತ್ತಿ, ದಾರ ಬಿಗಿದು, ಕೈ ತೊಳೆದುಕೊಂಡ. ತನಿಖಾಧಿಕಾರಿ ಬಂದು ನೋಡಿ ಬರೆದರು: 'ಸರಕು: ಪುದೀನ. ಸ್ಥಿತಿ: ಚಿಗುರುತ್ತಿದೆ. ಹಡಗು ಬೀರುವಿನಿಂದ ಕಿಟಕಿಗೆ ಬಂದಿದೆ. ಇದನ್ನು ಒಳನಾಡು ಜಲಯಾನವೆಂದು ಪರಿಗಣಿಸಿ ಕ್ಯಾಪ್ಟನ್ನಿಗೆ ಪ್ರಯಾಣ ಭತ್ಯೆ ಮಂಜೂರು ಮಾಡಬಹುದು.' ಮಂಜೂರಾಯಿತು.

ಇದು ಬೀದಿಗೆಲ್ಲ ತಿಳಿಯಲು ತಡವಾಗಲಿಲ್ಲ. ಈಗ ಆ ಎಂಜಿನ್ ಬೇಕಾದಷ್ಟು ಸಿಗುತ್ತದೆ. ದಿನಸಿ ಅಂಗಡಿಯಲ್ಲೂ ಇದೆ. ಬೆಲೆ ನಲವತ್ತು ಜೊತೆ. ಡಬ್ಬದ ಮೇಲೆ 'ನೀರು ತಾಗಿಸಬೇಡಿ' ಎಂದು ಅಚ್ಚಾಗಿದೆ. ಏಜೆಂಟು ಮೆಟ್ಟಿಲಿನಿಂದ ಎದ್ದು ಸ್ವಂತ ಕಟ್ಟಡ ಕಟ್ಟಿಸಿದ. ಬೀದಿಯಲ್ಲಿ ಇಪ್ಪತ್ತಾರು ಹಡಗುಗಳು ಕಾಯುತ್ತಿವೆ. ಬೀರು ಇಲ್ಲದವರು ಬೀರು ಕೊಂಡಿದ್ದಾರೆ. ಹಡಗುಗಳ ಸಂಖ್ಯೆಯ ಪ್ರಕಾರ ಆ ಊರು ದೇಶದ ಮೂರನೆಯ ದೊಡ್ಡ ಬಂದರು. ಕೊಳದಲ್ಲಿ ಬಾತುಕೋಳಿಗಳು ಎಡಗಡೆ ಹೋಗುತ್ತವೆ.

ಹಲ್ಲು ಕಟ್ಟುವವನ ಹಡಗು ಕಿಟಕಿಯಲ್ಲಿದೆ. ದಿನಾ ಬೆಳಿಗ್ಗೆ ಅದಕ್ಕೆ ಒಂದು ಲೋಟ ನೀರು ಹಾಕುವ ಕೆಲಸ ಎಂಜಿನಿಯರನದು.